ದವಡಿ ಸಡಲ ಬಿಡ್ರಿ, ಕಾಕು

ನಮ್ಮ ಕಸುಬಿನಾಗ ಮಂದಿ ತ್ರಾಸು ಒಂದ ಕಡೆ ಇಟ್ಟಕೊಂಡು ಬೆರಳು ಇನ್ನೊಂದ ಕಡೆ ತೋರಸ್ತಾರ, ಹಿಂಗಾಗಿ ನನಗ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದ. ನಾನು ಚಿಕ್ಕೋಡ್ಯಾಗ ಫಿಸಿಯೋಥೆರಪಿ ಮಾಡಾಕಿ. ಸೊಂಟ, ಮೊಣಕಾಲು, ಹೆಂಗಸರು ಯಾರ ಮುಂದೂ ಹೇಳದ ತ್ರಾಸು, ಎಲ್ಲಾ ನೋಡ್ತೀನಿ. ತಾಳ್ಮಿ ನನಗ ಹುಟ್ಟಿನಿಂದ ಕಡಿಮಿ. ಇದ್ದಷ್ಟನ್ನೂ ಶೇಡಬಾಳದ ಒಬ್ಬ ಕಾಕು ಖರ್ಚ ಮಾಡಿಸಿದ್ರು.

ಮಹಡಿ ಮ್ಯಾಲಿನ ಹುಡುಕಾಟ

ಕಾಕು ಬಂದ ಕೂಡ್ಲೆ ಮೊಣಕಾಲು ನೋವು ಅಂದ್ರು. ಮುಟ್ಟಿ ನೋಡಿದೆ, ನನ್ನ ಮೊಣಕಾಲಿಗಿಂತ ಚಲೋ ಇತ್ತು. "ಖರೇ ಹೇಳ್ರಿ ಕಾಕು" ಅಂದೆ. ಬಾಗಿಲಾ ಹಾಕಿಸಿದ್ರು, ಫ್ಯಾನ್ ಜೋರ ಮಾಡಿಸಿದ್ರು, ಆಮ್ಯಾಲೆ ಹೇಳಿದ್ರು. ಸೀನಿದ್ರ, ಜೋರಾಗಿ ನಕ್ರ, ಸೀರಿ ಹಸಿ ಆಗ್ತಿತ್ತು.

ಈ ಕಾಕು ಒಡಪು ಹೇಳೂದ್ರಾಗ ಸುತ್ತ ಹಳ್ಳಿಗೆಲ್ಲಾ ಹೆಸರಾದವರು. ಗಂಡನ ಹೆಸರು ಪ್ರಾಸದಾಗ ಕೂಡಿಸಿ ಹೇಳಿ, ಹೆಂಗಸರನ್ನೆಲ್ಲಾ ನಗಿಸಿ, ತಾವೂ ಹೊಟ್ಟಿ ಹಿಡಕೊಂಡು ನಗವರು. ಈ ತ್ರಾಸು ಶುರು ಆದಾಗಿಂದ ಯಾರ ಮನಿ ಕಾರ್ಯಕ್ಕ ಹೋದ್ರೂ ಅಡಗಿಮನಿ ಸೇರಿಬಿಡ್ತಿದ್ರು. ಮಂದಿ "ಸೊಕ್ಕು ಬಂದೈತಿ" ಅಂತ ಮಾತಾಡಾಕತ್ತಿದ್ರು. ಈಗ ಮಗಳ ಕುಬಸ, ಅಂದ್ರ ಸೀಮಂತ, ಹತ್ರ ಬಂದಿತ್ತು. "ಅವ್ವಾ, ನೀ ನಡುವ ಕುಂತು ಒಡಪು ಹೇಳಲಿಲ್ಲಂದ್ರ ನಾ ಹಸರ ಸೀರಿ ಉಡಂಗಿಲ್ಲ" ಅಂತ ಬಸರಿ ಮಗಳು ಹಟ ಹಿಡದಿದ್ಲು. ಹೇಳ್ತಾ ಹೇಳ್ತಾ ಕಾಕು ಕಣ್ಣೀರು ತಗದ್ರು. ನನಗೂ ಭಾಳ ಕೆಟ್ಟ ಅನಿಸ್ತು.

ನೋಡಿದ್ರ ಅಳೂವಾಗೂ ಹಲ್ಲು ಗಟ್ಟಿ ಕಚ್ಚಿಕೊಂಡಿದ್ರು. "ಮೊದಲ ದವಡಿ ಸಡಲ ಬಿಡ್ರಿ" ಅಂದೆ.

"ಭಾಳ ಮಂದಿಗೆ ಮ್ಯಾಲ ಬಿಗಿ ಹಿಡದ್ರ ಕೆಳಗೂ ತಾನ ಬಿಗೀತೈತಿ ಕಾಕು. ದಿನಾಪೂರ್ತಿ ಬಿಗಿ ಹಿಡದ ಸ್ನಾಯು ದಣದಿರ್ತೈತಿ, ಸೀನು ಬಂದಾಗ ಅದಕ್ಕ ತ್ರಾಣ ಎಲ್ಲಿಂದ ಬರಬೇಕು? ಮೊದಲ ಸಡಲ ಬಿಡೂದು ಕಲೀರಿ. ಬೇಕಾದಾಗ ಬಿಗಿ ಹಿಡಿಯೂದು ಆಮ್ಯಾಲೆ ಕಲಸ್ತೀನಿ."

ಕಾಕು ನನ್ನನ್ನ ಒಂದ ಸಲ ಮ್ಯಾಲಿಂದ ಕೆಳಗ ನೋಡಿದ್ರು. "ನೀರು ಸೋರೂದು ತಳಮನ್ಯಾಗ. ನೀವು ಮಹಡಿ ಮ್ಯಾಲ ಹುಡುಕಾಕತ್ತೀರಿ."

ಯಾರದ್ರಿ ಈ ದವಡಿ

ಖರೇ ತ್ರಾಸು ಹೇಳಾಕ ನಾಚಿಕಿ. ಅದಕ್ಕ ಕಾಕು ಮನ್ಯಾಗೂ ಓಣ್ಯಾಗೂ ಹಲ್ಲಿನ ಡಾಕ್ಟರ್ ಕಡೆ ಹೊಂಟೀನಿ ಅಂತ ಹೇಳಿಬಿಟ್ಟಿದ್ರು. ಮುಂದಿನ ವಾರ ಅದ ಓಣಿಯ ಒಬ್ಬ ಮುತ್ಯಾ ಗಲ್ಲ ಹಿಡಕೊಂಡು ನನ್ನ ಕಡೆ ಬಂದ.

"ಇದೊಂದ ಕಿತ್ತ ಬಿಡ್ರಿ."

"ನಾ ಹಲ್ಲಿನ ಡಾಕ್ಟರ್ ಅಲ್ಲರಿ ಮುತ್ಯಾ" ಅನ್ನಾಕಿದ್ದೆ, ಕಾಕು ಗುಟ್ಟು ನೆನಪಾತು. "ಇವತ್ತ ಕೀಳೂ ಸಾಮಾನ ಇಲ್ಲರಿ, ಬ್ಯಾರೆ ಕಡೆ ತೋರಸ್ರಿ" ಅಂದೆ.

ಮುತ್ಯಾ ನಂಬಲಿಲ್ಲ. ಮೇಜಿನ ಮ್ಯಾಲ ಮಂದಿಗೆ ತಿಳಿಸಿ ಹೇಳಾಕ ಇಟ್ಟಿದ್ದ ಪ್ಲಾಸ್ಟಿಕ್ ಸೊಂಟದ ಎಲುಬು ಇತ್ತು. ಅದನ್ನ ಎರಡೂ ಕೈಲೆ ಎತ್ತಿ, ತನ್ನ ಗದ್ದದ ಹಂತೇಕ ಹಿಡದು ಅಳತಿ ನೋಡಿದ.

"ಇಷ್ಟ ದೊಡ್ಡ ದವಡಿ ಯಾರದ್ರಿ? ಅಂವಂದು ಒಂದೂ ಬಿಡದಂಗ ಕಿತ್ತೀರಿ. ನಂದಕ್ಕ ಸಾಮಾನ ಇಲ್ಲಂತೀರಿ."

ಎಮ್ಮಿಗೆ ಹತ್ತಿದ ಔಷಧ

ದವಡಿ ಸಡಲ ಆಗಾಕ ತುಟಿ ಬಿಟ್ಟು "ಬುರ್‌ರ್" ಅನ್ನೂದು ಕಲಿಸಿದ್ದೆ. ಮನ್ಯಾಗ ಮಾಡಿದ್ರ ಮಂದಿ ನಗ್ತಾರಂತ ಕಾಕು ಎಮ್ಮಿ ಕಟ್ಟೂ ಕೊಟ್ಟಿಗ್ಯಾಗ ಹೋಗಿ ಮಾಡ್ಯಾರ. ಅಲ್ಲಿ ಕಾಕಾ, ಅಂದ್ರ ಅವರ ಯಜಮಾನ್ರು, ಹಾಲು ಹಿಂಡಾಕತ್ತಿದ್ರಂತ. ಕಾಕಾ ದಿನಾ ಎಮ್ಮಿನ್ನ ನೀರಿಗೆ ಕರಿಯೂದು ಅದ ಸಪ್ಪಳ ಮಾಡಿ. ಎಮ್ಮಿ ಅದನ್ನ ಕೇಳಿದ್ದ ತಡ, ಹಾಲಿನ ಬಕೀಟ ಒದ್ದು, ಹಗ್ಗ ಕಿತ್ತಕೊಂಡು ನೀರಿನ ತೊಟ್ಟಿಗೆ ಹೊಂಟೇತಿ. ಕಾಕಾ ಹಿಂದಿಂದ ಓಡ್ಯಾರ.

ಮಧ್ಯಾಹ್ನ ಕಾಕಾನ ಫೋನ್ ಬಂತು. "ಮ್ಯಾಡಂ, ಹಲ್ಲಿನ ಔಷಧ ಇಕಿಗೆ ಕೊಟ್ಟೀರಿ, ಹತ್ತಿದ್ದು ಎಮ್ಮಿಗೆ. ಡೋಸ್ ಸ್ವಲ್ಪ ಕಡಿಮಿ ಮಾಡ್ರಿ."

ಟ್ರ್ಯಾಕ್ಟರ್ ಬಂದಾಗ

ಬುರ್‌ರ್ ಬಂದ್ ಮಾಡಿಸಿದೆ. "ಕಬ್ಬಿನ ಟ್ರ್ಯಾಕ್ಟರ್ ಹಾಡ ಕೇಳಿದಾಗೊಮ್ಮೆ ದವಡಿ ಸಡಲ ಬಿಡ್ರಿ, ಅದ ನಿಮಗ ನೆನಪು" ಅಂದೆ. ಹೇಳೂವಾಗ ನನ್ನ ಬುದ್ಧಿ ಎಲ್ಲಿ ಹೋಗಿತ್ತೋ. ಸಕ್ರಿ ಫ್ಯಾಕ್ಟರಿ ಚಾಲೂ ಇದ್ದ ಹೊತ್ತು, ಅವರ ಮನಿ ರಸ್ತಾಕ್ಕ ಹತ್ತಿ. ಸ್ಪೀಕರ್ ಹಚ್ಚಿಕೊಂಡು ಒಂದರ ಹಿಂದ ಒಂದು ಟ್ರ್ಯಾಕ್ಟರ್. ಕಾಕು ಕಟ್ಟಿ ಮ್ಯಾಲ ಬಾಯಿ ತಕ್ಕೊಂಡ ಕುಂತವರು ಮುಚ್ಚಾಕ ಪುರಸೊತ್ತಿಲ್ಲ.

ಡ್ರೈವರ್‌ಗಳು ನೋಡಿದ್ರು. ಪಾಪ, ಕಾಕುಗ ಕಬ್ಬು ತಿನ್ನೂ ಆಸೆ ಆಗೇತಿ ಅಂತ ತಿಳದು, ಹೋಗ್ತಾ ಬರ್ತಾ ಒಂದೊಂದ ಕಬ್ಬು ಒಗದು ಹೋಗಾಕತ್ರು. ಮುಂದಿನ ಸಲ ಕಾಕು ಗಲ್ಲ ಒತ್ತಿಕೊಂಡ ಬಂದ್ರು.

"ಮ್ಯಾಡಂ, ದವಡಿ ಬಿಟ್ಟಿದ್ದಕ್ಕ ಕಬ್ಬು ಬಂತು. ಕಬ್ಬು ತಿಂದು ದವಡಿ ಮತ್ತ ಬಿಗೀತು. ಬ್ಯಾಡ ಅಂತ ಹೇಳೋಣಂದ್ರ ಅದಕ್ಕೂ ಬಾಯಿ ತಗೀಬೇಕು, ಇನ್ನೊಂದ ಕಬ್ಬು ಒಗೀತಾರ."

ಕುಬಸ

ಹಂಗೂ ಹಿಂಗೂ ಕಲತ್ರು. ಸಡಲ ಬಿಡೂದೂ ಬಂತು, ಸೀನು ಬರೂ ಮುಂದ ಬಿಗಿ ಹಿಡಿಯೂದೂ ಬಂತು. ಆದ್ರ ನಗಿ ಅಂದ್ರ ಇನ್ನೂ ಹೆದರಿಕಿ. ಧೈರ್ಯಕ್ಕ ನನ್ನನ್ನೂ ಕುಬಸಕ್ಕ ಕರದ್ರು.

ಪಡಸಾಲಿ ತುಂಬ ಹೆಂಗಸರು, ನಡುವ ಹಸರ ಸೀರಿ, ಹಸರ ಬಳಿ ತೊಟ್ಟ ಮಗಳು. ಒಬ್ಬಾಕಿ, "ಅಡಗಿಮನಿ ಮಹಾರಾಣಿ ಇವತ್ತರ ಹೆಸರು ಹೇಳ್ತಾರೋ ಇಲ್ಲೋ" ಅಂದ್ಲು. ಕಾಕು ಎದ್ದು ನಡುವ ಬಂದ್ರು. ಬಂದ ಕೂಡ್ಲೆ ಹಲ್ಲು ಕಚ್ಚಿದ್ರು. ಮಗಳು ಅವ್ವನ ಮಾರಿನ ನೋಡಾಕತ್ತಿದ್ಲು.

ಇಷ್ಟ ಮಂದ್ಯಾಗ ಒದರಿ ಹೇಳಾಕ ಬರಂಗಿಲ್ಲ. ಹಿಂದ ಕುಂತಲ್ಲೆ ನಾನ ದೊಡ್ಡದಾಗಿ ಬಾಯಿ ತಗದು ಕಾಕುಗ ಸನ್ನಿ ಮಾಡಿದೆ, ದವಡಿ ಬಿಡ್ರಿ ಅಂತ. ಕಾಕು ನೋಡವಲ್ರು. ಇನ್ನೂ ದೊಡ್ಡದು ತಗದೆ. ಮಗ್ಗಲಾಗ ಉಂಡಿ ಹಂಚಾಕತ್ತಿದ್ದ ಒಬ್ಬ ವೈನಿ, "ಅಯ್ಯ, ಡಾಕ್ಟರಿಗೆ ಹಸಿವ್ಯಾಗೇತಿ" ಅಂದಾಕಿ ಒಂದ ಇಡೀ ಉಂಡಿ ನನ್ನ ಬಾಯಾಗ ತುರಕಿದ್ಲು.

ನುಂಗಾಕೂ ಬರವಲ್ದು, ಉಗಳಾಕೂ ಬರವಲ್ದು. ಕಣ್ಣು ಹೊರಗ ಬಂದಿದ್ವು. ಅದನ್ನ ನೋಡಿ ಕಾಕು ನಕ್ರು. ಹೆಂತಾ ನಗಿ ಅಂತೀರಿ, ಇಷ್ಟ ವರ್ಷ ಒಳಗ ಇಟ್ಟದ್ದೆಲ್ಲಾ ಒಮ್ಮೆ ಹೊರಗ ಬಂತು. ನಕ್ಕು ನಕ್ಕು ನಿಂತ್ರು. ತಮ್ಮ ಸೀರಿ ನಿರಿಗಿ ಮುಟ್ಟಿ ನೋಡಿಕೊಂಡ್ರು. ಆಮ್ಯಾಲೆ ನನ್ನ ಕಡೆ ನೋಡಿದ್ರು. ಕಣ್ಣು ಬಿಟ್ರ ಬ್ಯಾರೆ ಎಲ್ಲೂ ಹಸಿ ಆಗಿರಲಿಲ್ಲ.

"ಹಲ್ಲ ಬಿಗಿ ಹಿಡದ ಕಳದೆ ಇಷ್ಟ ದಿನಾ,
ದವಡಿ ಸಡಲ ಬಿಟ್ಟಮ್ಯಾಲ ನಕ್ಕೈತಿ ಮನಾ,
ಎಮ್ಮಿ ಹಿಂದ ಓಡಿದ ಬಾಬುಗೌಡ್ರ ಹೆಸರ ಹೇಳ್ತೀನಿ, ಕೇಳ್ರಿ ಎಲ್ಲಾ ಜನಾ."

ಮಗಳು ಎದ್ದು ಅವ್ವನ್ನ ತೆಕ್ಕಿ ಬಿದ್ಲು. ನನಗೂ ಅಳು ಬರ್ತಿತ್ತು, ಉಂಡಿ ಅಡ್ಡ ಬಂತು.

ಊಟದಾಗ ಕಾಕು ತಮ್ಮ ತಂಗಿ ಕಿವ್ಯಾಗ ಖರೇ ಸಂಗತಿ ಹೇಳ್ಯಾರ. ಹೋಳಿಗಿ ಸಾಲಿನ ತುದಿ ಮುಟ್ಟೂದ್ರಾಗ ಸುದ್ದಿ ಮುಟ್ಟೇತಿ. ಕೈ ತೊಳಿಯಾಕ ಎದ್ದೆ. ಉಂಡಿ ವೈನಿ ಬಂದು, "ಮ್ಯಾಡಂ, ನನಗೂ ಸ್ವಲ್ಪ ಹಲ್ಲು ಬ್ಯಾನಿ ಐತ್ರಿ" ಅಂದ್ಲು. ಅಕಿ ಹಿಂದ ಮಹಾರಾಣಿ ಅಂದಾಕಿ, "ನನಗೂ ರೀ." ಹಿಂದ ನೋಡಿದ್ರ ಸಾಲು ಹಚ್ಯಾರ. ಎಲ್ಲಾರಿಗಿಂತ ಕಡೀಕ ಒಬ್ಬ ಆಯಿ ಕೋಲು ಊರಿಕೊಂತ ಬಂದು, ಆಕಡೆ ಈಕಡೆ ನೋಡಿ ಪಿಸುಗುಟ್ಟಿದ್ಲು.

"ನನಗ ಭಾಳ ಹಲ್ಲು ಬ್ಯಾನಿ ನೋಡವ್ವಾ."

"ಯಾವ ಹಲ್ಲು ಆಯಿ?" ಅಂದೆ. ಆಯಿ ನಾಚಿ ನಕ್ಲು. ಬಾಯಾಗ ಹೆಸರಿಗೂ ಒಂದು ಹಲ್ಲಿರಲಿಲ್ಲ.

ಹೊರಗ ಗಂಡಸರ ಪಂಕ್ತ್ಯಾಗ ಕುಂತಿದ್ದ ಆ ಮುತ್ಯಾ ಅದನ್ನ ನೋಡಿಬಿಟ್ಟ. ಗಲ್ಲ ಹಿಡಕೊಂಡ ಮಗ್ಗಲಿನವರಿಗೆ ಹೇಳಾಕತ್ತಿದ್ದ.

"ನೋಡ್ರಿ, ಆಯಿದು ಅಷ್ಟೂ ಕಿತ್ತಾರ. ನಂದೊಂದಕ್ಕ ಸಾಮಾನ ಇರಲಿಲ್ಲಂತ."