ಐದು ಬೇಸಿಗೆ ಕಂಡ ಬಾಟಲಿ

ಸುಣ್ಣ ಬಳಿಯುವವನು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಬಂದುಬಿಟ್ಟ. ಭೂಮಿ ಹುಟ್ಟಿದಾಗಿನಿಂದ ಈ ಕಸುಬಿನವರು ಯಾರೂ ಹೇಳಿದ ದಿನಕ್ಕೇ ಬಂದದ್ದಿಲ್ಲ. ಮೊದಲೇ ಬಂದವನು ಇವನೊಬ್ಬನೇ. ಅವನು ವಾಚಣ್ಣನ ಮನೆಗೇ ಬರಬೇಕಿತ್ತೆ?

ವಾಚಣ್ಣ ಎಂದರೆ ಬೀದಿಯ ಮೂಲೆಯಲ್ಲಿ ವಾಚು ರಿಪೇರಿ ಮಾಡುವವನು. ಇರುವೆಯ ಕಾಲಿಗೆ ಗೆಜ್ಜೆ ಕಟ್ಟು ಎಂದರೆ ಆರು ಕಾಲಿಗೂ ಕಟ್ಟಿ, ಗಂಟು ಬಿಗಿಯಾಯಿತೇನೋ ಎಂದು ಇರುವೆಯನ್ನೇ ಕೇಳುವಂಥ ಮನುಷ್ಯ. ಅವನ ಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ, ನೀರಿನ ಮಡಕೆಗಳ ನಡುವೆ, ಒದ್ದೆ ಗೋಣಿ ಹೊದ್ದುಕೊಂಡು ಒಂದು ಬಾಟಲಿ ಕಪ್ಪು ಬಿಯರ್ ನಿಂತಿತ್ತು. ಬೀದಿ ಕೊನೆಯ ಅಂಗಡಿಯದು. ಕಡುಕಪ್ಪು ಬಿಯರನ್ನು ತಂಪಿನಲ್ಲಿ, ಕತ್ತಲಲ್ಲಿ, ಅಲುಗಿಸದೆ ವರ್ಷಗಟ್ಟಲೆ ಇಟ್ಟರೆ ಅದು ಹಣ್ಣಾಗುತ್ತದೆಂದು ಅವನು ಎಲ್ಲೋ ಓದಿದ್ದ. ಕೊರಳಿಗೆ ದಾರದಲ್ಲಿ ಕಟ್ಟಿದ ಚೀಟಿಯ ಮೇಲೆ ಇಟ್ಟ ದಿನ, ಗಂಟೆ, ನಿಮಿಷ; ಕೆಳಗೆ ‘ಮುಟ್ಟಬೇಡಿ’. ಇವತ್ತು ಸಂಜೆ ಆರಕ್ಕೆ ಸರಿಯಾಗಿ ಐದು ವರ್ಷ. ಆರಕ್ಕೆ ಬೀದಿಯವರಿಗೆಲ್ಲ ಆಹ್ವಾನ.

ಆ ಊರಿನ ಸೆಖೆ ಎಂಥದೆಂದರೆ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತಿದ್ದವು. ಆದ್ದರಿಂದ ಗೋಣಿಯನ್ನು ದಿನಕ್ಕೆ ನಾಲ್ಕು ಸಲ ನೆನೆಸಬೇಕು. ಸಂತೋಷಕ್ಕೆ ತನ್ನ ಕೈ ನಡುಗೀತೆಂದು ಆ ಕೆಲಸವನ್ನು ಹೆಂಡತಿಗೇ ಬಿಟ್ಟಿದ್ದ. ತಾನು ಮಾತ್ರ ದಿನಾ ಬೆಳಿಗ್ಗೆ ಬಾಗಿಲಲ್ಲಿ ಕೈಕಟ್ಟಿ ನಿಂತು, ಐದು ನಿಮಿಷ ನೋಡಿ, ತನ್ನಷ್ಟಕ್ಕೆ ನಕ್ಕು ಅಂಗಡಿಗೆ ಹೋಗುತ್ತಿದ್ದ.

“ಏನಣ್ಣಾ ಇದು, ಗೋಡೆ ತುಂಬ ಕಂದು ಕಲೆ? ಸೂರಿಗೂ ಹಾರಿದೆಯಲ್ಲ!” ಎಂದ ಸುಣ್ಣದವನು.

“ಅದು ತೇವ ಕಣಪ್ಪಾ. ತೇವ ಇದ್ದಲ್ಲಿ ತಂಪು ಇದ್ದೇ ಇರತ್ತೆ,” ವಾಚಣ್ಣ ಎದೆಯುಬ್ಬಿಸಿದ. ಅಡುಗೆಮನೆಯಲ್ಲಿ ಹೆಂಡತಿಯ ಕೈಯಿಂದ ಸೌಟು ಬಿತ್ತು.

“ನಾಳೆ ಬಾ ಅಂದಿದ್ನಲ್ಲಪ್ಪಾ!” ಎಂದು ಅವಳು ಓಡಿಬರುವಷ್ಟರಲ್ಲಿ ಸುಣ್ಣದ ಕಲ್ಲಿನ ಮೇಲೆ ನೀರು ಬಿದ್ದಾಗಿತ್ತು. ಬಕೆಟ್ಟು ಕೊತಕೊತ ಕುದಿಯಿತು. ಕೋಣೆ ರೈಲಿನ ಇಂಜಿನ್ನಾಯಿತು. ಬಾಟಲಿ ಒಮ್ಮೆ ಬಿಸಿಯಾದರೆ ಐದು ವರ್ಷ ಮಣ್ಣುಪಾಲು, ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ! ವಾಚಣ್ಣ ಗೋಣಿ ಸಮೇತ ಅದನ್ನು ಎತ್ತಿ, ನಿದ್ದೆ ಹೋದ ಹಸುಗೂಸನ್ನು ಹೊತ್ತವನಂತೆ ಹೊರಬಿದ್ದ.

ಪಕ್ಕದ ದರ್ಜಿಯ ಅಂಗಡಿ ಹತ್ತು ಹೆಜ್ಜೆ. ಅಲುಗಿಸದೆ ನಡೆಯಲು ಮುಕ್ಕಾಲು ಗಂಟೆ ಹಿಡಿಯಿತು. ಒಂದು ಬಸವನಹುಳು ಅವನನ್ನು ಹಿಂದೆ ಹಾಕಿ, ತಿರುಗಿ ನೋಡಿ ಹೋಯಿತು.

“ಬಟ್ಟೆ ಚೂರಿನ ರಾಶಿಯೊಳಗೆ ಇಟ್ಕೋ ತಮ್ಮಾ.”

“ಮೇಲೆ ತಗಡು, ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ. ಇಲ್ಲಿ ನಾನೇ ಬೇಯ್ತಿದೀನಿ. ಅಣ್ಣಾ, ಯಾಕಿಷ್ಟು ಒದ್ದಾಡ್ತೀರಿ? ಹೋದ್ರೆ ಇನ್ನೊಂದು...” ದರ್ಜಿ ತಟ್ಟನೆ ನಾಲಗೆ ಕಚ್ಚಿಕೊಂಡ.

“ಇನ್ನೊಂದಾ? ಐದು ವರ್ಷ ಅಂಗಡೀಲಿ ಸಿಗತ್ತೇನೋ?”

ದರ್ಜಿ ಸೂಜಿಗೆ ದಾರ ಪೋಣಿಸತೊಡಗಿದ. ಸೂಜಿಗೆ ಆಗಲೇ ದಾರವಿತ್ತು.

ಕೊನೆಗೆ ಕೈಹಿಡಿದವರು ಎದುರು ಮನೆಯ ನಿವೃತ್ತ ಹೆಡ್ಮೇಷ್ಟ್ರು. “ನಮ್ಮ ಬಚ್ಚಲಿನ ತೊಟ್ಟಿ ಇದೆಯಲ್ಲಯ್ಯಾ! ಆದ್ರೆ ನೆಟ್ಟಗೆ ನಿಲ್ಲಬೇಕು. ಗಸಿ ಕದಡಿದ್ರೆ ನಾನು ಜವಾಬ್ದಾರನಲ್ಲ.” ನೀರಿಗಿಟ್ಟರೆ ಬಾಟಲಿ ವಾಲಿತು. ಬೇರೆ ದಾರಿಯಿಲ್ಲದೆ ವಾಚಣ್ಣನೇ ತೊಟ್ಟಿಗಿಳಿದು, ಕುತ್ತಿಗೆಯವರೆಗೆ ನೀರಿನಲ್ಲಿ ಕುಳಿತು, ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡ.

ಹೊರಗೆ ಬಿಸಿಲು ಬೀದಿಯನ್ನು ಹುರಿಯುತ್ತಿತ್ತು. ಒಳಗೆ ಸೂರಿನ ಗಾಜಿನ ಹೆಂಚಿನಿಂದ ಇಳಿದ ಬೆಳಕು ನೀರಿನ ಮೇಲೆ ಬಿದ್ದು, ಗೋಡೆಯ ಮೇಲೆ ಚಿನ್ನದ ಬಲೆ ನೇಯುತ್ತಿತ್ತು. ನಲ್ಲಿ ಹನಿಯಿತು. ಮತ್ತೊಂದು ಹನಿ. ಎರಡು ಹನಿಗಳ ನಡುವೆ ಒಂದೊಂದು ವರ್ಷ ತೇಲಿಹೋದ ಹಾಗೆ. ಅಂಗೈಗೆ ಬಾಟಲಿಯ ನಿದ್ದೆ ತಾಗಿತು. ಅದರೊಳಗೆ ಐದು ಬೇಸಿಗೆಗಳು ಒಂದರ ಹೆಗಲಿಗೆ ಒಂದು ತಲೆಯಿಟ್ಟು ಮಲಗಿದ್ದವು. ನಿಂತ ವಾಚುಗಳೆಲ್ಲ ಮೀನುಗಳಾಗಿ ಮೊಣಕಾಲ ಸುತ್ತ ಈಜಿದವು. ವಾಚಣ್ಣ ನಕ್ಕ.

“ರೀ! ತೊಟ್ಟೀಲಿ ವಾಚಣ್ಣನ ತಲೆ!” ಬಕೆಟ್ಟು ಹಿಡಿದು ಬಂದ ಮೇಷ್ಟ್ರ ಹೆಂಡತಿ ಕಿರುಚಿದರು.

“ತಲೆ ಮಾತ್ರಾನಾ?” ಪೇಪರಿನ ಹಿಂದಿನಿಂದ ಮೇಷ್ಟ್ರು ಕೇಳಿದರು.

“ಕೂಗಬೇಡಿ ಅಮ್ಮಾ, ಅಲುಗತ್ತೆ!” ತಲೆ ಪಿಸುಗುಟ್ಟಿತು.

ಆಮೇಲೆ ಇಡೀ ಬೀದಿ ಸಾಲುಗಟ್ಟಿ ಬಂದು ಆ ತಲೆಯನ್ನು ನೋಡಿತು, ಅಲುಗದ ಹಾಗೆ ಕೂರುವುದು ಹೇಗೆಂದು ನೂರಾ ಎಂಟು ಸಲಹೆ ಕೊಟ್ಟಿತು. ಸಂಜೆ ಅವನನ್ನು ಎತ್ತುವಾಗ ಬೆರಳುಗಳು ಒಣದ್ರಾಕ್ಷಿಯಾಗಿದ್ದವು. ಬಾಟಲಿ ಮಾತ್ರ ತಣ್ಣಗಿತ್ತು.

ಆರು ಹೊಡೆಯಿತು. ‘ಟಿಸ್’ ಎಂದಿತು. ಕೆಮ್ಮಿನ ಔಷಧಿಯ ಮುಚ್ಚಳಗಳಲ್ಲಿ ಎಲ್ಲರಿಗೂ ಒಂದೊಂದು ಗುಟುಕು.

“ಸುಟ್ಟ ಸಕ್ಕರೆ!” ಮೇಷ್ಟ್ರು ಕಣ್ಣು ಮುಚ್ಚಿದರು. “ಹಳೇ ಮರದ ಪೆಟ್ಟಿಗೆ! ಅದರೊಳಗೆ ಅಜ್ಜಿಯ ಶಾಲು! ಐದು ವರ್ಷ ಸುಮ್ಮನೆ ಅಲ್ಲ ಕಣಯ್ಯಾ!”

ದರ್ಜಿ ಮುಖ ತಿರುಗಿಸಿದ, ಭುಜ ಕುಲುಕುತ್ತಿತ್ತು. ಭಾವುಕನಾಗಿದ್ದಾನೆ ಎಂದುಕೊಂಡ ವಾಚಣ್ಣ. ಅವನ ಗುಟುಕು ಗಂಟಲಲ್ಲಿಳಿಯುವಾಗ ಕಾಲವೇ ಕರಗಿ ಇಳಿದಂತಾಯಿತು. “ಮುಂದಿನದು ಹತ್ತು ವರ್ಷ!” ಎಂದು ಘೋಷಿಸಿದ. ಚಪ್ಪಾಳೆಗೆ ಮೂರು ಬೀದಿಯಾಚೆಯ ಕಾಗೆಗಳೂ ಎದ್ದವು. ಹೆಂಡತಿ ಮಾತ್ರ ಬಾಗಿಲಿಗೆ ಒರಗಿಕೊಂಡಳು.

ಖಾಲಿ ಬಾಟಲಿಯನ್ನು ನೆನಪಿಗಿಡಲು ಒಳಗೆ ತಂದು ಗೋಣಿ ಸುಲಿದ. ಬಾಟಲಿಗೆ ಅಂಟಿಸಿದ ಕಾಗದದ ಅಂಚಿನಲ್ಲಿ ಚುಕ್ಕಿ ಚುಕ್ಕಿ ಅಕ್ಷರ. ಅಭ್ಯಾಸಬಲದಿಂದ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ತಯಾರಾದ ದಿನ: ಹೋದ ತಿಂಗಳ ಎಂಟನೇ ತಾರೀಖು. ಗಾಜು ಒರೆಸಿ ನೋಡಿದ. ಎಂಟೇ.

“ಮೊದಲನೇ ಬೇಸಿಗೇಲೇ ಹೋಯ್ತು ರೀ,” ಎಂದಳು ಹೆಂಡತಿ. “ಮಧ್ಯಾಹ್ನ ಡಬ್ ಅಂತು. ನೀವು ಅಂಗಡೀಲಿದ್ರಿ. ಚೀಟಿ ಬಿಚ್ಚಿ ಹೊಸದಕ್ಕೆ ಕಟ್ಟಿದೆ.”

“ಒಟ್ಟು ಎಷ್ಟು?”

“ಹದಿನೇಳು.”

“ಗೋಡೆ ಮೇಲಿನ ತೇವ...”

“ಅದಕ್ಕೇ ಸುಣ್ಣ.”

“ಹೇಳಬಾರದಿತ್ತೇನೇ?”

“ದಿನಾ ಆ ಬಾಗಿಲಲ್ಲಿ ನಿಂತು ನಗ್ತಿದ್ರಿ. ನನ್ನ ನೋಡಿ ಹಾಗೆ ನಕ್ಕಿದ್ದು ಮದುವೆಯಾದ ವರ್ಷ. ಹೇಗೆ ಹೇಳಲಿ?”

ವಾಚಣ್ಣ ಭೂತಗನ್ನಡಿ ತೆಗೆಯುವುದನ್ನೇ ಮರೆತು ಅವಳನ್ನು ನೋಡಿದ. ಅವಳು ಬಲು ದೊಡ್ಡದಾಗಿ ಕಂಡಳು.

“ಎಲ್ಲಿ ಹೋದೆಯಯ್ಯಾ?” ಹೊರಗಿನಿಂದ ಮೇಷ್ಟ್ರು. “ಹತ್ತು ವರ್ಷದ್ದನ್ನ ನಮ್ಮೆದುರಿಗೇ ಇಟ್ಟುಬಿಡು!”

ಕೊಟ್ಟ ಮಾತು. ಹೆಂಡತಿ ಅಕ್ಕಿ ಡಬ್ಬಕ್ಕೆ ಕೈಹಾಕಿ, ಹದಿನೆಂಟನೆಯದನ್ನು ತೆಗೆದುಕೊಟ್ಟಳು. ವಾಚಣ್ಣ ಅದರ ಅಂಚಿನ ತಾರೀಖನ್ನು ಉಗುರಿನಿಂದ ಕೆರೆದು, ಹೊಸ ಚೀಟಿಯ ಮೇಲೆ ದಿನ, ಗಂಟೆ, ನಿಮಿಷ ಬರೆದ. ‘ಮುಟ್ಟಬೇಡಿ’ ಎಂದು ಬರೆಯಹೋದವನು ಅವಳ ಮುಖ ನೋಡಿ ಪೆನ್ನು ಮುಚ್ಚಿದ. ಕೋಣೆಯ ಗೋಡೆ ಹಾಲಿನಂತೆ ಹೊಳೆಯುತ್ತಿತ್ತು. ಸುಣ್ಣ ಇನ್ನೂ ಒಣಗಿರಲಿಲ್ಲ.

ಕಿಟಕಿಯಲ್ಲಿ ದರ್ಜಿಯ ತಲೆ ತೂರಿತು.

“ಅಕ್ಕಾ, ಹತ್ತು ವರ್ಷ ಅಂದ್ರೆ... ಬಿಡಿಬಿಡಿಯಾಗಿ ತರೋದು ಬೇಡ, ಪೆಟ್ಟಿಗೇನೇ ತಂದ್ಬಿಡ್ಲಾ?”