ಕರ್ಚೀಫಿನಲ್ಲಿ ಅಳೆದ ಬಿಸಿಲು

ಆ ದಿನದ ಬೆಳಗೂ ಎಲ್ಲ ದಿನದಂತೆಯೇ ಇತ್ತು. ಡಿಕಾಕ್ಷನ್ ಇಳಿಯಲು ಬಿಟ್ಟೆ, ಅತ್ತೆಗೆ ಬಿಸಿನೀರು ಕೊಟ್ಟೆ, ಏಳು ಗಂಟೆಗೆ ಬಕೆಟ್ ಹಿಡಿದು ತಾರಸಿಗೆ ಹೋದೆ. ಅತ್ತೆಯ ಸೀರೆಯನ್ನು ಮುದ್ದೆ ಮಾಡಿ ಹಗ್ಗಕ್ಕೆ ಎಸೆಯುವವಳಲ್ಲ ನಾನು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದಂತೆ ಉದ್ದಕ್ಕೂ ಹರವಿ, ಅಂಚು ಎಳೆದು, ಆರು ಕ್ಲಿಪ್ ಹಾಕಿದೆ. ಪಕ್ಕದಲ್ಲೇ ನನ್ನ ಸೋಲಾರ್ ಪ್ಯಾನೆಲ್ ಎಳೆಬಿಸಿಲಿಗೆ ಹೊಳೆಯುತ್ತಿತ್ತು. ಹೆಮ್ಮೆಯಿಂದ ಒಮ್ಮೆ ಸವರಿ ಕೆಳಗಿಳಿದೆ.

ಹೆಮ್ಮೆಗೆ ಕಾರಣವಿತ್ತು. ಅದರ ಸಮಸ್ತ ಯೋಜನೆ ನನ್ನದು! ನಮ್ಮ ಮನೆಯವರು ಇಲ್ಲೇ ತಿರುವನಂತಪುರದಲ್ಲಿ ಉಪಗ್ರಹಗಳ ಸೋಲಾರ್ ರೆಕ್ಕೆ ನೋಡಿಕೊಳ್ಳುವ ವಿಜ್ಞಾನಿ. ಮನೆಗೂ ಒಂದು ಮಾಡಿ ಎಂದರೆ ಎರಡು ವರ್ಷದಿಂದ ಡ್ರಾಯಿಂಗ್ ಬರೆಯುತ್ತಲೇ ಇದ್ದರು. "ನಾನೇ ಮಾಡ್ತೀನಿ, ನೀವು ಕೈ ಹಾಕಬೇಡಿ" ಎಂದು ಘೋಷಿಸಿದೆ. ಕೈಯಲ್ಲಿದ್ದಷ್ಟರಲ್ಲಿ ಮೊದಲು ಒಂದು ಪ್ಯಾನೆಲ್, ಒಂದು ಬ್ಯಾಟರಿ. ಅದು ನಡೆದರೆ ಓಣಂ ಹೊತ್ತಿಗೆ ಇನ್ನೊಂದು ಪ್ಯಾನೆಲ್. ನಡೆಯಬೇಕಾದ್ದು ಒಂದೇ ಒಂದು: ಕರೆಂಟ್ ಹೋದಾಗ ಅತ್ತೆಯ ಉಬ್ಬಸದ ಮೆಷಿನ್ ನಿಲ್ಲಬಾರದು.

ಜಾಗ ಹುಡುಕಿದ್ದೂ ವೈಜ್ಞಾನಿಕವಾಗಿಯೇ. ತಾರಸಿಯ ಉದ್ದಗಲಕ್ಕೆ ನಾಲ್ಕು ಒದ್ದೆ ಕರ್ಚೀಫು ಹರವಿ ಗಡಿಯಾರ ಹಿಡಿದು ಕೂತೆ. ಯಾವುದು ಮೊದಲು ಒಣಗಿತೋ ಅಲ್ಲೇ ಪ್ಯಾನೆಲ್! ಅದು ನಮ್ಮ ಬಟ್ಟೆ ಹಗ್ಗದ ಜಾಗವೇ ಆಗಿತ್ತು. ಆರು ವರ್ಷದಿಂದ ಅಲ್ಲಿ ಬಟ್ಟೆ ಅಷ್ಟು ಬೇಗ ಸುಮ್ಮನೆ ಒಣಗುತ್ತಿತ್ತೇ? ಇವರು ಕನ್ನಡಕ ಒರೆಸಿಕೊಂಡರು.

ಬ್ಯಾಟರಿ ಅಂಗಡಿಯಿಂದಲೇ ತುಂಬಿಕೊಂಡು ಬಂದಿತ್ತು. ಅದರ ಪುಟ್ಟ ದೀಪಗಳು ಕಣ್ಣಿಗೆ ಚುಚ್ಚುತ್ತವೆಂದು ಲೇಸಿಟ್ಟು ಕವರ್ ಹೊಲಿದು ಹೊದಿಸಿದೆ. ಹತ್ತು ದಿನ ಸಂಜೆಯ ಫ್ಯಾನು, ದೀಪ ಎಲ್ಲ ಅದರಲ್ಲೇ ಓಡಿದವು.

ಆ ದಿನ ಲೈನ್ ಕೆಲಸವೆಂದು ಹತ್ತರಿಂದ ಐದರವರೆಗೆ ಕರೆಂಟ್ ಇಲ್ಲವೆಂದು ಮೊದಲೇ ಮೆಸೇಜ್ ಬಂದಿತ್ತು. ಇವರು ಮೀಟಿಂಗಿಗೆ ಕೊಚ್ಚಿಗೆ ಹೊರಟಿದ್ದರು.

"ಅಮ್ಮನ್ನ ಒಂದು ದಿನ ಬೇರೆ ಎಲ್ಲಾದರೂ ಬಿಡೋಣ್ವಾ?"

"ನನ್ನ ಸೋಲಾರ್ ಇರೋವಾಗ?" ಎಂದು ನಕ್ಕುಬಿಟ್ಟೆ.

ಹನ್ನೊಂದಕ್ಕೆ ಅತ್ತೆಯ ಔಷಧಿಯ ಹೊತ್ತು. ಮೆಷಿನ್ ಹಚ್ಚಿದೆ. ಗುರ್ ಎಂದಿತು, ಆವಿ ಬಂತು, ಅತ್ತೆ ನಾಲ್ಕು ಸಲ ಉಸಿರೆಳೆದರು. ನಿಂತೇಹೋಯಿತು! ಲೇಸ್ ಕವರ್ ಎತ್ತಿದರೆ ಒಳಗೆ ಕೆಂಪು ದೀಪ.

"ಇಷ್ಟೇ ಸಾಕು ಬಿಡಮ್ಮ" ಎಂದರು ಅತ್ತೆ. ಸಾಲದು ಎಂದು ಅವರ ದನಿಯೇ ಹೇಳುತ್ತಿತ್ತು.

ಕೊಚ್ಚಿಗೆ ಫೋನ್ ಮಾಡಿದೆ. "ಪ್ಯಾನೆಲ್ ಮೇಲೆ ನೆರಳು ಬೀಳ್ತಿದೆಯಾ ನೋಡು. ಚೂರು ಬಿದ್ದರೂ ಚಾರ್ಜ್ ಕುಸಿಯುತ್ತೆ."

ನೋಡುವುದೇನು? ಪಕ್ಕದ ಮನೆಯ ಶೋಭಾ ಚೇಚ್ಚಿಯ (ಇಲ್ಲಿ ಅಕ್ಕನಿಗೆ ಚೇಚ್ಚಿ ಎನ್ನುತ್ತಾರೆ) ತೆಂಗಿನಮರ ಕಿಟಕಿಯಲ್ಲೇ ಕಾಣುತ್ತಿತ್ತು! ಅತ್ತೆಯನ್ನು ಬಿಟ್ಟು ತಾರಸಿಗೇಕೆ ಹತ್ತಲಿ? ಪುಣ್ಯಕ್ಕೆ ಅವತ್ತು ಅವರಲ್ಲಿ ತೆಂಗಿನಕಾಯಿ ಕೀಳುವವನೂ ಬಂದಿದ್ದ. ಕಾಂಪೌಂಡಿನ ಬಳಿ ನಿಂತು ನನ್ನ ಹರಕು ಮಲಯಾಳದಲ್ಲಿ ಕೂಗಿದೆ.

"ಚೇಚ್ಚೀ, ಈ ಕಡೆಯ ಮೂರು ಗರಿ ಕಡಿಸಿ. ಅತ್ತೆಯ ಉಸಿರಿನ ವಿಷಯ!"

"ಹಸಿ ಗರಿ, ಮೋಳೇ. ಈ ಮರ ನಿನಗಿಂತ ಮುಂಚಿನಿಂದ ಇಲ್ಲಿದೆ" ಎಂದರು ಚೇಚ್ಚಿ. ಆದರೂ ಮೋಳೇ, ಅಂದರೆ ಮಗಳೇ, ಎಂದು ಕರೆದವರು ಕಡಿಸಿದರು. ಮುಖ ಮಾತ್ರ ತಿರುಗಿಸಿಕೊಂಡರು.

ದೀಪ ಕೆಂಪಾಗಿಯೇ ಇತ್ತು. ಹನ್ನೆರಡಾಯಿತು, ಒಂದಾಯಿತು. ಎರಡಕ್ಕೆ ಉಬ್ಬಸ ನಿಜವಾಗಿ ಎದ್ದಿತು. ಅತ್ತೆ ಮಂಚದ ಅಂಚು ಹಿಡಿದು ಕೂತರು. ಕತ್ತಿನ ಗುಳಿ ಪ್ರತಿ ಉಸಿರಿಗೂ ಒಳಗೆ ಹೋಗುತ್ತಿತ್ತು. ಉಳ್ಳೂರಿನಲ್ಲೇ ಮನೆ, ಮೆಡಿಕಲ್ ಕಾಲೇಜು ಹತ್ತಿರವೇ. ಆದರೆ ಆಟೋ ಬರುವುದು ಯಾವಾಗ? ಅದಕ್ಕಿಂತ ಹತ್ತಿರ ಚೇಚ್ಚಿಯ ಮನೆ, ಅಲ್ಲಿ ಇನ್ವರ್ಟರ್. ಯಾವ ಮುಖ ಇಟ್ಟುಕೊಂಡು ಹೋಗಲಿ? ಇದ್ದ ಮುಖದಲ್ಲೇ ಹೋದೆ. ಒಂದು ಕೈಯಲ್ಲಿ ಮೆಷಿನ್, ಇನ್ನೊಂದರಲ್ಲಿ ಅತ್ತೆ. ಅಂಗಳದಲ್ಲಿ ಬಿದ್ದಿದ್ದ ಮೂರು ಗರಿಗಳನ್ನು ದಾಟಿಕೊಂಡೇ ಹೋಗಬೇಕಾಯಿತು!

ನಾನು ಪ್ಲಗ್ ಹಿಡಿದು ಸಾಕೆಟ್ ಹುಡುಕುತ್ತಿದ್ದೆ. ಚೇಚ್ಚಿಯೇ ಚುಚ್ಚಿದರು. ಗುರ್ ಎಂದಿತು. ಹತ್ತು ನಿಮಿಷ ಅತ್ತೆ ಆವಿ ಎಳೆದುಕೊಂಡರು. ಕೊನೆಗೆ ಅತ್ತೆ ತಲೆಯೆತ್ತಿ, "ಇವರ ಮನೆ ಮೆಷಿನ್ ಚೆನ್ನಾಗಿದೆ ಕಣೇ" ಎಂದರು. ಮೆಷಿನ್ ನಮ್ಮದೇ! ಚೇಚ್ಚಿ ಕೊಟ್ಟ ಹಾಲಿಲ್ಲದ ಚಹಾ ಕುಡಿದೆ.

ಐದಕ್ಕೆ ಕರೆಂಟ್ ಬಂತು. ತಾರಸಿಗೆ ಹೋಗಿ ಕ್ಲಿಪ್ ಬಿಚ್ಚಿದೆ. ಸೀರೆ ಒಂದು ಸುಕ್ಕಿಲ್ಲದೆ ಗರಿಗರಿಯಾಗಿ ಒಣಗಿತ್ತು. ಅದನ್ನು ತೆಗೆದು ನೋಡಿದರೆ ಪ್ಯಾನೆಲ್ ಮೇಲೆ ಒಂದು ಚೂರೂ ನೆರಳಿಲ್ಲ! ನೋಡಿದಿರಾ, ಗರಿ ಕಡಿಸಿದ್ದು ಸಾರ್ಥಕವಾಯಿತು. ಇವರಿಗೆ ಫೋಟೋ ಕಳಿಸಬೇಕು, ಓಣಂಗೆ ಎರಡನೇ ಪ್ಯಾನೆಲ್ ಖಂಡಿತ ಎಂದುಕೊಂಡೆ.

ಆಚೆ ತಾರಸಿಯಲ್ಲಿ ಚೇಚ್ಚಿ ಅದೇ ಗರಿಗಳಿಂದ ಪೊರಕೆಗೆ ಕಡ್ಡಿ ಸೀಳುತ್ತಿದ್ದರು. ತಲೆಯೆತ್ತದೆ ಕೇಳಿದರು:

"ಅಲ್ಲ ಮೋಳೇ, ದಿನಾ ಬೆಳಿಗ್ಗೆಯಿಂದ ಸಂಜೆವರೆಗೆ ಆ ಗಾಜಿನ ಹಲಗೆಗೆ ಅತ್ತೆ ಸೀರೆ ಮರೆ ಕಟ್ತೀಯಲ್ಲ, ಬಿಸಿಲಿಗೆ ಕೆಡುತ್ತೆ ಅಂತಾನಾ?"