ಪದ್ಮ ಪುರಸ್ಕೃತೆಯ ನೂರೊಂದು ರೊಟ್ಟಿ

ನನಗೆ ಪ್ರಚಾರ ಅಂದರೆ ಆಗುವುದಿಲ್ಲ. ಈ ಮಾತನ್ನು ಕಚೇರಿಯಲ್ಲಿ, ಬಸ್ಸಿನಲ್ಲಿ, ಕಟಿಂಗ್ ಅಂಗಡಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಇನ್ನೂ ಗೊತ್ತಿಲ್ಲದವರು ಯಾರಾದರೂ ಉಳಿದಿದ್ದರೆ ಅವರಿಗೂ ತಿಳಿಯಲಿ ಎಂದು ಈಗ ಬರೆಯುತ್ತಿದ್ದೇನೆ. ಕೊಟ್ಟದ್ದನ್ನು ಹೇಳಿಕೊಳ್ಳಬಾರದು, ಹೇಳಿಕೊಂಡರೆ ಅದು ದಾನವಲ್ಲ, ಜಾಹೀರಾತು ಎನ್ನುವುದು ನನ್ನ ಸಿದ್ಧಾಂತ. ಹಿಂದೊಮ್ಮೆ ಕಚೇರಿಯಲ್ಲಿ ರಕ್ತದಾನ ಶಿಬಿರ ನಡೆದಾಗ ನಾನೂ ರಕ್ತ ಕೊಟ್ಟೆ. ಒಬ್ಬರಿಗೂ ಹೇಳಲಿಲ್ಲ. ತೋಳಿಗೆ ಅಂಟಿಸಿದ ಹತ್ತಿಯ ಪಟ್ಟಿಯನ್ನು ಮಾತ್ರ ಮೂರು ದಿನ ತೆಗೆಯಲಿಲ್ಲ, ಚಳಿಯಲ್ಲೂ ಅರ್ಧ ತೋಳಿನ ಅಂಗಿಯನ್ನೇ ಹಾಕಿದೆ. ಯಾರಾದರೂ "ಏನಾತ್ರಿ ಕೈಗೆ?" ಎಂದರೆ "ಏನಿಲ್ಲ ಬಿಡ್ರಿ" ಎಂದು ಹೇಳಿ, ಇನ್ನೊಮ್ಮೆ ಕೇಳಲಿ ಎಂದು ಅಲ್ಲೇ ನಿಲ್ಲುತ್ತಿದ್ದೆ. ನಾಲ್ಕನೆಯ ದಿನ ನನ್ನ ಹೆಂಡತಿ ಮಹಾದೇವಿ ಅದನ್ನು ಕಿತ್ತು ಒಗೆದಳು. "ರಕ್ತ ಕೊಟ್ಟಿದ್ದು ಹತ್ತು ನಿಮಿಷ, ತೋರಿಸಿದ್ದು ಮೂರು ದಿನ. ಸಾಕ್ರಿ ಇನ್ನ" ಎಂದಳು.

ಇಂಥ ನನಗೆ ಈ ವರ್ಷ ನಟಿ ಮಧುವಂತಿಯ ಮೇಲೆ ಸಿಟ್ಟು ಬಂತು. ಆಕೆಗೂ ನನಗೂ ಯಾವ ವ್ಯವಹಾರವೂ ಇಲ್ಲ. ಆಕೆ ಊರೂರಿಗೆ ಕಣ್ಣಿನ ಶಿಬಿರ ಮಾಡಿಸಿದ್ದಕ್ಕೆ ಪದ್ಮ ಪ್ರಶಸ್ತಿ ಬಂದಿತ್ತು, ಅಷ್ಟೆ. ಪತ್ರಿಕೆಯಲ್ಲಿ ದೊಡ್ಡ ಫೋಟೋ: ಒಬ್ಬ ಅಜ್ಜಿಯ ಕಣ್ಣಿಗೆ ಪಟ್ಟಿ, ಪಕ್ಕದಲ್ಲಿ ಈಕೆ. ಅಜ್ಜಿ ಕಾಣುವುದು ಅರ್ಧ, ಈಕೆ ಪೂರ್ತಿ. ಆ ಸುದ್ದಿಯನ್ನು ಕತ್ತರಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ವಾದಕ್ಕೆ ಆಧಾರ ಬೇಕಲ್ಲ!

ನಾನು ದಿನಾ ಶಹಾಪುರದಿಂದ ಯಾದಗಿರಿಗೆ ಬಸ್ಸಿನಲ್ಲಿ ಹೋಗಿಬರುವ ಗುಮಾಸ್ತ. ನಮ್ಮ ಬಸ್ಸಿನಲ್ಲಿ ದೇಶದ ಎಲ್ಲ ವಿಷಯಗಳೂ ಭೀಮಾ ನದಿಯ ಸೇತುವೆ ದಾಟುವುದರೊಳಗೆ ತೀರ್ಮಾನವಾಗುತ್ತವೆ. ಮಧುವಂತಿಯ ವಿಷಯ ಮಾತ್ರ ಒಂದು ವಾರ ನಡೆಯಿತು. ಒಬ್ಬರು ಇದೆಲ್ಲ ಟ್ಯಾಕ್ಸ್ ಉಳಿಸುವ ಉಪಾಯ ಎಂದರು. ಇನ್ನೊಬ್ಬರು ಬರುವ ಇಲೆಕ್ಷನ್ನಿಗೆ ನಿಲ್ಲುತ್ತಾಳೆ, ಬರೆದಿಟ್ಟುಕೊಳ್ಳಿ ಎಂದರು. ಪಕ್ಕದ ಕಚೇರಿಯ ಮಲ್ಲಣ್ಣ, ನನ್ನ ಸೀಟಿನ ಕಾಯಂ ಜೊತೆಗಾರ, ಗೋಗಿಯ ಕಡೆಯ ಹಳ್ಳಿಗಳಲ್ಲಿ ಹೊತ್ತಿಲ್ಲದ ಹೊತ್ತಿನಲ್ಲಿ ಓಡಾಡಿ ಹೆರಿಗೆ ಮಾಡಿಸಿದ ನರ್ಸಮ್ಮನ ಹೆಸರೆತ್ತಿ, "ಆಕಿಗೆ ಯಾವ ಪದ್ಮ ಕೊಟ್ಟಾರ್ರಿ?" ಎಂದ. ಬಸ್ಸೆಲ್ಲ ಹೌದು ಹೌದು ಎಂದಿತು. ಆಗ ನಾನು ಜೇಬಿನಿಂದ ಕಾಗದ ತೆಗೆದು, "ನೋಡ್ರಿ, ಕ್ಯಾಮೆರಾ ಇಲ್ಲದೇ ಈಕಿ ಒಂದು ತುತ್ತು ಅನ್ನ ಸುದ್ದಾ ಯಾರಿಗೂ ಹಾಕಿರಾಕಿಲ್ಲ" ಎಂದು ತೀರ್ಪು ಕೊಟ್ಟೆ.

ಅದೇ ತೀರ್ಪನ್ನು ಮನೆಯಲ್ಲಿಯೂ ಕೊಟ್ಟಾಗ ಮಹಾದೇವಿ ಹಿಟ್ಟು ನಾದುತ್ತಿದ್ದಳು. ತಲೆ ಎತ್ತದೆ, "ಆ ಅಜ್ಜಿಗೆ ಕಣ್ಣು ಕಂಡಾವೊ ಇಲ್ಲೊ, ಅದನ್ನ ಹೇಳ್ರಿ" ಎಂದಳು.

"ಕಂಡಿರಬೇಕು. ಅದಲ್ಲ ಪ್ರಶ್ನೆ."

"ಅಜ್ಜಿಗಿ ಅದ ಪ್ರಶ್ನೆ ಇತ್ತು."

ಇಂಥವಳ ಜೊತೆ ಸಿದ್ಧಾಂತ ಮಾತನಾಡಿ ಪ್ರಯೋಜನವಿಲ್ಲ.

ಅದೇ ಸುಮಾರಿಗೆ ನಮ್ಮ ಓಣಿಯ ಸಣ್ಣ ಮಠದಲ್ಲಿ ಹಿರಿಯ ಅಜ್ಜನವರ, ಅಂದರೆ ಹಿಂದಿನ ಸ್ವಾಮಿಗಳ, ಪುಣ್ಯತಿಥಿ ಬಂತು. ಅವತ್ತು ಮಧ್ಯಾಹ್ನ ಇಡೀ ಓಣಿಗೆ ದಾಸೋಹ. ರೊಟ್ಟಿ ಮಾತ್ರ ಮನೆಮನೆಯಿಂದ ಹೋಗುತ್ತದೆ. ಮಹಾದೇವಿ ಪ್ರತಿವರ್ಷ ನೂರಾ ಒಂದು ಖಡಕ್ ರೊಟ್ಟಿ ಕೊಡುತ್ತಾಳೆ. ಮೂರು ದಿನ ಮುಂಚಿನಿಂದ ಬಡಿಯಲು ಕೂಡುತ್ತಾಳೆ, ಹೊಸ ಜೋಳದ ಹಿಟ್ಟು, ಹಂಚಿನ ಕಾವು, ಮನೆಯೆಲ್ಲ ತಪತಪ ಸದ್ದು. ಆಕೆಯ ರೊಟ್ಟಿಯನ್ನು ನೂರರಲ್ಲಿ ಇಟ್ಟರೂ ನಾನು ಗುರುತಿಸಬಲ್ಲೆ. ಅಂಚಿನಲ್ಲಿ ಒಂದು ಕಡೆ ಹೆಬ್ಬೆರಳು ಒತ್ತಿದ ಸಣ್ಣ ತಗ್ಗು ಇರುತ್ತದೆ. ಈ ಇಪ್ಪತ್ತೆರಡು ವರ್ಷ ಆ ತಗ್ಗಿನಿಂದಲೇ ಮುರಿದು ತಿಂದಿದ್ದೇನೆ.

ದಾಸೋಹದ ಇನ್ನೊಂದು ಪದ್ಧತಿ ಹೇಳಲೇಬೇಕು. ಜನ ಉಣ್ಣುತ್ತಿರುವಾಗ ಗುರುಲಿಂಗಯ್ಯ ಎಂಬ ಹಿರಿಯರು ಮೈಕಿನಲ್ಲಿ ಕೊಟ್ಟವರ ಹೆಸರು ಓದುತ್ತಾರೆ. ಇಂಥವರಿಂದ ಒಂದು ಚೀಲ ಅಕ್ಕಿ, ಇಂಥವರಿಂದ ಒಂದು ಡಬ್ಬಿ ಎಣ್ಣೆ, ಅಜ್ಜನವರು ಅವರಿಗೆ ಆಯುರಾರೋಗ್ಯ ಕೊಟ್ಟು ಕಾಪಾಡಲಿ. ಕೊಟ್ಟವರು ಆಗ ತಲೆ ತಗ್ಗಿಸಿ, ತಮಗೇನೂ ಸಂಬಂಧವಿಲ್ಲದವರಂತೆ ಸಾರು ಹೀರುತ್ತಾರೆ. ಆ ಭಂಗಿ ನನಗೆ ಬಹಳ ಹಿಡಿಸುತ್ತದೆ. ಆದರೆ ಮಹಾದೇವಿ ಇಷ್ಟು ವರ್ಷ ರೊಟ್ಟಿಯ ಗಂಟನ್ನು ಹೆಸರಿಲ್ಲದೇ ಇಟ್ಟು ಬರುತ್ತಿದ್ದಳು. ಈ ಸಲ ಬಡಿಸುವ ಹೆಂಗಸರ ಜೊತೆ ಬೇಗ ಹೋಗಬೇಕೆಂದು ಗಂಟನ್ನು ನನ್ನ ಕೈಗೆ ಕೊಟ್ಟಳು. "ನೀವ ಹೇಳ್ತೀರಲ್ಲ ಹೆಸರು ಹೇಳಬಾರದಂತ, ಹಂಗ ಕೊಟ್ಟು ಬರ್ರಿ" ಎಂದು ನಕ್ಕಳು.

ಕೊಡುತ್ತಿದ್ದೆ, ದೇವರಾಣೆಗೂ ಹಾಗೇ ಕೊಡುತ್ತಿದ್ದೆ. ಆದರೆ ಉಗ್ರಾಣದ ಬಾಗಿಲಲ್ಲಿ ಕುಳಿತವನು "ಹೆಸರಿನ ಚೀಟಿ ಇಡ್ರಿ ಸಾಹೇಬ್ರ" ಎಂದ. ಸಾಹೇಬರು ಎಂದ ಮೇಲೆ ಏನು ಮಾಡುವುದು? ಜೇಬಿಗೆ ಕೈ ಹಾಕಿದೆ. ಇದ್ದದ್ದು ಮಧುವಂತಿಯ ಸುದ್ದಿ ಒಂದೇ. ಅದರ ಹಿಂಬದಿ ಯಾವುದೋ ಸಿಮೆಂಟಿನ ಜಾಹೀರಾತು, ಅರ್ಧ ಖಾಲಿ. ಆ ಖಾಲಿ ಜಾಗದಲ್ಲಿ ದುಂಡಗೆ ನನ್ನ ಹೆಸರು, ಹುದ್ದೆ, ಓಣಿ ಎಲ್ಲ ಬರೆದು ಗಂಟಿನ ಮೇಲಿಟ್ಟು, ಮೈಕಿನ ಹಾರ್ನ್ ನೇರ ಕಿವಿಗೆ ಬೀಳುವಂಥ ಜಾಗ ಹಿಡಿಯಲು ಓಡಿದೆ. ಉಗ್ರಾಣದವನು ಜಾಗ ಸಾಲದೆ ಆ ಕಾಗದವನ್ನು ಮಗುಚಿ, ನಟಿಯ ಫೋಟೋದ ಕೆಳಗೆ ದಪ್ಪ ಪೆನ್ನಿನಲ್ಲಿ '೧೦೧ ರೊಟ್ಟಿ' ಎಂದು ಬರೆದು ಗುರುಲಿಂಗಯ್ಯನವರಿಗೆ ಕಳಿಸಿದ್ದು ನನಗೆ ಹೇಗೆ ಗೊತ್ತಾಗಬೇಕು?

ಪಂಕ್ತಿ ಕುಳಿತಿತು, ಬಸ್ಸಿನ ಗೆಳೆಯರೂ ಬಂದಿದ್ದರು. ರೊಟ್ಟಿ, ಪುಂಡಿಪಲ್ಯ, ಗೋಧಿ ಹುಗ್ಗಿ. ನಾನು ಉಂಡದ್ದು ಬಾಯಿಂದ ಮಾತ್ರ, ಜೀವವೆಲ್ಲ ಕಿವಿಯಲ್ಲಿತ್ತು. ಅಕ್ಕಿಯವರು ಬಂದರು, ಎಣ್ಣೆಯವರು ಬಂದರು, ನಾಲ್ಕು ಬದನೆಕಾಯಿ ಕೊಟ್ಟವರೂ ಬಂದು ಹೋದರು. ತಲೆ ತಗ್ಗಿಸುವುದಕ್ಕೆ ನಾನು ಸಿದ್ಧನಾಗಿ ಕುಳಿತಿದ್ದೆ. ಅಷ್ಟರಲ್ಲಿ ಗುರುಲಿಂಗಯ್ಯನವರ ದನಿ ಒಮ್ಮೆಲೇ ಏರಿತು. "ಭಕ್ತಾದಿಗಳೇ, ಸಮಾಜಸೇವೆಗಾಗಿ ಪದ್ಮ ಪ್ರಶಸ್ತಿ ಪಡೆದ, ನಾಡಿನ ಹೆಮ್ಮೆಯ ನಟಿ ಮಧುವಂತಿಯವರಿಂದ ನಮ್ಮ ಮಠಕ್ಕೆ ನೂರಾ ಒಂದು ರೊಟ್ಟಿ!"

ಪಂಕ್ತಿಯಲ್ಲಿ ಒಂದು ಕ್ಷಣ ಎಲ್ಲರ ಕೈಗಳು ನಿಂತವು. ಆಮೇಲೆ ಚಪ್ಪಾಳೆ ಬಿತ್ತು, ಎಂಜಲು ಕೈಯಲ್ಲೇ. ನನ್ನ ಪಕ್ಕದಲ್ಲಿದ್ದ ಮಲ್ಲಣ್ಣ ಎದೆಯ ಮೇಲೆ ಕೈ ಇಟ್ಟುಕೊಂಡು, "ಅಲಲಲ! ನೋಡ್ರಿ, ಯಾರಿಗೂ ಹೇಳಲಾರದ, ಫೋಟೋ ಇಲ್ಲ, ಟಿವಿ ಇಲ್ಲ, ಗಪ್ಪನ ಕಳಿಸ್ಯಾಳ! ಈಗೇನಂತೀರಿ ಚನ್ನಬಸಪ್ಪನವರ?" ಎಂದ. ಬಸ್ಸಿನಲ್ಲಿ ಇಲೆಕ್ಷನ್ ಮಾತೆತ್ತಿದವರು ಆ ರೊಟ್ಟಿ ಇನ್ನೊಂದು ಬೇಕೆಂದು ಕೈ ಎತ್ತಿದರು. ಟ್ಯಾಕ್ಸ್ ಎಂದವರು ಒಂದನ್ನು ಅಂಗವಸ್ತ್ರದಲ್ಲಿ ಸುತ್ತಿ ಮೊಮ್ಮಗಳಿಗೆ ತೋರಿಸಲು ಇಟ್ಟುಕೊಂಡರು. "ಏನ್ ತೆಳ್ಳಗ ಬಡದಾಳ್ರಿ! ಸಿನಿಮಾದಾಕಿ ಅಂತ ಯಾರಾದ್ರೂ ಅಂತಾರೇನು?" ಎಂದು ಒಬ್ಬ ಅಜ್ಜ ಕಣ್ಣು ಒರೆಸಿಕೊಂಡರು.

ನನ್ನ ಎಲೆಯ ಮೇಲೂ ಒಂದಿತ್ತು. ಅಂಚಿನಲ್ಲಿ ಹೆಬ್ಬೆರಳಿನ ತಗ್ಗು. ಎದ್ದು ನಿಂತು, ಇದು ನಮ್ಮ ಮನೆಯದು ಎಂದು ಕೂಗಬೇಕೆನ್ನಿಸಿತು. ಆದರೆ ಕೂಗಿದರೆ ಒಂದು ವಾರ ಬಸ್ಸಿನಲ್ಲಿ ಹೇಳಿದ್ದೆಲ್ಲ ನನ್ನ ಕೊರಳಿಗೇ ಬರುತ್ತಿತ್ತು. ಕೂಗದಿದ್ದರೆ ರೊಟ್ಟಿ ಹೋಯಿತು. ಅತ್ತ ನೋಡಿದರೆ ರೊಟ್ಟಿಯ ಬುಟ್ಟಿ ಹಿಡಿದು ನಿಂತ ಮಹಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾಳೆ, ಕಣ್ಣಲ್ಲಿ ನೀರು. ನೇರ ನನ್ನ ಎಲೆಯ ಹತ್ತಿರ ಬಂದು, "ಮಧುವಂತಿಯವರ ರೊಟ್ಟಿ, ಇನ್ನೊಂದು ಹಾಕ್ಲೇನ್ರಿ?" ಎಂದಳು. ಹಾಕಿಸಿಕೊಂಡೆ. ಆ ತಗ್ಗಿನಿಂದಲೇ ಮುರಿದು ತಿಂದೆ.

ಸಂಜೆ ಮನೆಗೆ ಬಂದವಳು ಸೊಂಟದ ಗಂಟಿನಿಂದ ಆ ಚೀಟಿ ತೆಗೆದಳು. ಉಗ್ರಾಣದಿಂದ ಕೇಳಿ ತಂದಿದ್ದಳು. ಮಗುಚಿ, ನನ್ನ ದುಂಡು ಅಕ್ಷರಗಳನ್ನು ಗಟ್ಟಿಯಾಗಿ ಓದಿದಳು. "ಶ್ರೀ ಚನ್ನಬಸಪ್ಪನವರು, ಪ್ರಥಮ ದರ್ಜೆ ಸಹಾಯಕರು." ಇನ್ನೇನಾದರೂ ಇದೆಯೇ ಎಂದು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಮೂರು ದಿನ ರೊಟ್ಟಿ ಬಡದಾಕಿ ನಾನು. ಇದ್ರಾಗ ನಾ ಎಲ್ಲಿದೀನ್ರಿ?"

ಪತ್ರಿಕೆಯ ಫೋಟೋದಲ್ಲಿ ಆ ಅಜ್ಜಿ ಅರ್ಧವಾದರೂ ಇದ್ದಳು. ನನ್ನ ಚೀಟಿಯಲ್ಲಿ ಮಹಾದೇವಿ ಒಂದು ಅಕ್ಷರವೂ ಇರಲಿಲ್ಲ. ನಿಜವಾಗಿ ನಾಚಿಕೆಯಾಯಿತು, ಹಂಚಿನ ಬಿಸಿಗೆ ಕಪ್ಪಾದ ಅವಳ ಬೆರಳುಗಳನ್ನು ನೋಡಿ ಮತ್ತಷ್ಟು ಆಯಿತು. ಅವಳೇ ನನ್ನ ಮೇಲೆ ಕರುಣೆ ತೋರಿದಳು. "ಹೋಗ್ಲಿ ಬಿಡ್ರಿ, ಚಲೋನ ಆತು. ಇಷ್ಟು ವರ್ಷದಾಗ ಮೈಕಿನ್ಯಾಗ ರೊಟ್ಟಿಗಿ ಒಬ್ಬಾಕಿ ಹೆಣ್ಮಗಳ ಹೆಸರು ಬಂತಲ್ಲ" ಎಂದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.

ಅವತ್ತೇ ನಿಶ್ಚಯಿಸಿದೆ, ಬರುವ ವರ್ಷ ಚೀಟಿಯಲ್ಲಿ ಆಕೆಯ ಹೆಸರೇ ಇರಬೇಕು. ಮರೆತೇನೆಂದು ಈಗಲೇ ಬಿಳಿಯ ಕಾಗದ ತಂದು, ಎರಡೂ ಬದಿ ಖಾಲಿ ಇದೆಯೇ ಎಂದು ಪರೀಕ್ಷಿಸಿ, ದೊಡ್ಡ ಅಕ್ಷರಗಳಲ್ಲಿ 'ಶ್ರೀಮತಿ ಮಹಾದೇವಿ' ಎಂದು ಬರೆದು ದೇವರ ಗೂಡಿನಲ್ಲಿಟ್ಟಿದ್ದೇನೆ. ಓಣಿಯಲ್ಲಿ ಮಹಾದೇವಿಯರು ನಾಲ್ಕೈದು ಮಂದಿ ಇದ್ದಾರೆ. ಯಾವ ಮಹಾದೇವಿ ಎಂದು ಜನಕ್ಕೆ ಗೊಂದಲವಾಗಬಾರದೆಂದು, ಕೆಳಗೆ ಸಣ್ಣದಾಗಿ ಗಂಡನ ಹೆಸರು ಹಾಕಿದ್ದೇನೆ. ಹುದ್ದೆ ಸಮೇತ.